ಕಮರಿಪೇಟೆಗೆ ನೀರು ಬರುವ ತಾರೀಖು

ನೀಲಕಂಠಪ್ಪನವರು ಪ್ರೋಗ್ರಾಮರ್ ಆದದ್ದು ತಮ್ಮ ಐವತ್ಮೂರನೆಯ ವಯಸ್ಸಿನಲ್ಲಿ, ಸಿಟ್ಟಿನ ಭರದಲ್ಲಿ.

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವರದು ಪಾತ್ರೆಯಂಗಡಿ. ಕೊಡ, ಹಂಡೆ, ಸ್ಟೀಲಿನ ಡಬ್ಬಿ, ನೀಲಿ ಪ್ಲಾಸ್ಟಿಕ್ ಬ್ಯಾರಲ್ಲು. ಯಾರದೋ ಗೃಹಪ್ರವೇಶದ ಪಂಕ್ತಿಯಲ್ಲಿ ಅವರ ಹೆಂಡತಿಯ ತಮ್ಮ ರಾಜಶೇಖರ, "ನಮ್ಮ ಮಾಮಾಗ ಕೊಡದಾಗಿನ ತೂತು ಕಾಣತೈತಿ, ಕಂಪ್ಯೂಟರ್ ಎದುರಿಗಿಟ್ರೂ ಕಾಣಂಗಿಲ್ಲ" ಎಂದು ನಕ್ಕ. ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನೀಲಕಂಠಪ್ಪನವರು ಎರಡನೆಯ ಹೋಳಿಗೆಯನ್ನು ಎಲೆಯ ಮೇಲೆಯೇ ಬಿಟ್ಟು ಎದ್ದರು. ಸೋಮವಾರ ಸಂಜೆ ನಲವತ್ತೈದು ದಿನಗಳ ವೆಬ್ ಪ್ರೋಗ್ರಾಮಿಂಗ್ ಕ್ಲಾಸಿಗೆ ಸೇರಿದರು. ಅಲ್ಲಿದ್ದವರೆಲ್ಲ ಅವರನ್ನು ಕಾಕಾ ಎಂದು ಕರೆದರೂ ಲೆಕ್ಕಿಸದೆ ಸರ್ಟಿಫಿಕೇಟು ಪಡೆದರು, ಅದಕ್ಕೆ ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ಬಸವಣ್ಣನ ಪಟದ ಪಕ್ಕ ತೂಗು ಹಾಕಿದರು.

ನಾನು ಕಮರಿಪೇಟೆಯ ಅದೇ ಓಣಿಯಲ್ಲಿ ಅವರ ಎದುರು ಮನೆಯವನು. ಹೀಗಾಗಿ ಮುಂದಿನದೆಲ್ಲ ನನ್ನ ಕಣ್ಣೆದುರಿಗೇ ನಡೆಯಿತು. ಅದರಲ್ಲಿ ನನ್ನದೂ ಒಂದು ಸಹಿ ಇದೆ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಮ್ಮ ಓಣಿಗೆ ಎಂಟು ದಿನಕ್ಕೊಮ್ಮೆ ನೀರು. ಯಾವ ದಿನವೆಂಬುದನ್ನು ಹೇಳುವವನು ವಾಲ್ವ್ ತಿರುವುವ ದುರಗಪ್ಪ. ಸೈಕಲ್ಲಿನ ಮೇಲೆ ಹೋಗುತ್ತ, "ನಾಳೆ ಐತ್ರಿ ನಿಮ್ದು" ಎಂದು ಕೂಗಿದರೆ ಮುಗಿಯಿತು, ಓಣಿಯ ಮಂದಿ ಕೊಡ ತೊಳೆಯುತ್ತಿದ್ದರು. ನೀಲಕಂಠಪ್ಪನವರ ಹೆಂಡತಿ ನಾಗರತ್ನಾ ಒಂದು ದಿನ, "ಅಷ್ಟೆಲ್ಲಾ ಕಲತೀರಿ. ನೀರು ಯಾವಾಗ ಬರತೈತಿ ಅಂತ ಹೇಳೂದಾದ್ರೂ ಕಲೀರಿ" ಎಂದರು. ಆಕೆ ಹೇಳಿದ್ದು ಬೇಸರಕ್ಕೆ. ಗಂಡ ಕೇಳಿಸಿಕೊಂಡದ್ದು ಸವಾಲೆಂದು.

ಏಪ್ರಿಲ್ ಮೊದಲ ವಾರದಲ್ಲಿ ಅವರ ವೆಬ್ ಪುಟ ಸಿದ್ಧವಾಯಿತು. ಫೋನಿನಲ್ಲಿ ತೆರೆದರೆ ದಪ್ಪ ಅಕ್ಷರಗಳಲ್ಲಿ 'ಮುಂದಿನ ನೀರು' ಎಂದೂ ಅದರ ಕೆಳಗೆ ತಾರೀಖೂ ಕಾಣುತ್ತಿತ್ತು. ಎಂಟನೇ ತಾರೀಖು ಎಂದಿತು, ನೀರು ಬಂತು. ಹದಿನಾರು ಎಂದಿತು, ಬಂತು. ಇಪ್ಪತ್ನಾಲ್ಕು ಎಂದಿತು, ಅದೂ ಬಂತು. ಓಣಿ ದುರಗಪ್ಪನನ್ನು ಕೇಳುವುದನ್ನು ಬಿಟ್ಟಿತು. ಆತ ಸೈಕಲ್ಲಿನ ಮೇಲಿನಿಂದ ಕೂಗಿದರೆ, "ಗೊತ್ತೈತಿ ಬಿಡೋ, ಫೋನಿನ್ಯಾಗ ಬಂದೈತಿ" ಎನ್ನತೊಡಗಿತು.

ಮೂಲೆ ಮನೆಯ ಗೌರಕ್ಕ ಒಮ್ಮೆ ಕೇಳಿದಳು: "ಅಲ್ಲೋ ನೀಲಕಂಠಪ್ಪಾ, ನೀರು ಬರೂದು ಇದಕ್ಕ ಹ್ಯಾಂಗ ಗೊತ್ತಾಗತೈತಿ?"

ಎಂಟೆಂಟು ದಿನ ಕೂಡಿಸಿ ಇವತ್ತಿನ ತಾರೀಖಿಗೆ ಹೋಲಿಸುತ್ತದೆ, ಇವತ್ತಿಗಿಂತ ದೊಡ್ಡದಾದ ಮೊದಲನೆಯ ತಾರೀಖನ್ನು ತೋರಿಸುತ್ತದೆ. ಇಷ್ಟೇ ಸತ್ಯ. ಆದರೆ ಕಟ್ಟೆಯ ಮೇಲೆ ಏಳೆಂಟು ಮಂದಿ ಕೂತಿದ್ದರು, ರಾಜಶೇಖರನೂ ಬಂದಿದ್ದ.

"ಡೈರೆಕ್ಟ್ ಕನೆಕ್ಷನ್ ಐತಿ ಗೌರಕ್ಕಾ" ಎಂದರು ನೀಲಕಂಠಪ್ಪನವರು. "ಮ್ಯಾಲಿಂದ."

ಮೇಲೆ ಎಂದರೆ ನೀರಿನ ಕಚೇರಿಯೋ ಅಣೆಕಟ್ಟೋ ಆಕಾಶವೋ, ಯಾರೂ ಕೇಳಲಿಲ್ಲ.

ಏಪ್ರಿಲ್ ಇಪ್ಪತ್ತೈದರ ಬೆಳಿಗ್ಗೆ ಗೌರಕ್ಕ ಫೋನು ಹಿಡಿದು ಓಣಿಯ ನಡುವೆ ನಿಂತು ಕೂಗಿದಳು. ಪುಟದಲ್ಲಿ 'ಮುಂದಿನ ನೀರು' ಎಂಬುದರ ಕೆಳಗೆ 26/05 ಎಂದಿತ್ತು. ಮೇ ಇಪ್ಪತ್ತಾರು. ಒಂದು ತಿಂಗಳ ಮೇಲೆ ಒಂದು ದಿನ.

"ಮೂರನೇ ತಾರೀಖಿಗೆ ನನ್ನ ಮಗಳು ದ್ರಾಕ್ಷಾಯಿಣಿ ಕುಬಸ ಐತಿ! ಮೊದಲನೇ ಬಸುರಿ! ಇನ್ನೂರು ಮಂದಿಗೆ ಹೇಳೇನಿ! ಅಡಿಗಿ ಹ್ಯಾಂಗ ಮಾಡ್ಲಿ, ಕೈ ಹ್ಯಾಂಗ ತೊಳಸ್ಲಿ?"

ನೀಲಕಂಠಪ್ಪನವರು ತಮ್ಮ ಫೋನು ತೆರೆದರು, ಮುಚ್ಚಿದರು, ಮತ್ತೆ ತೆರೆದರು. ಅವರಿಗೂ ಏನೊಂದೂ ತಿಳಿಯಲಿಲ್ಲ. ಎರಡನೇ ತಾರೀಖು ಬರಬೇಕಿತ್ತು, ಎಲ್ಲಿ ಹೋಯಿತು? ಹತ್ತು, ಹದಿನೆಂಟು ಎಲ್ಲಿ ಹೋದವು? ಆಗ 'ನೋಡತೇನಿ ತಡೀರಿ' ಎಂದಿದ್ದರೆ ಸಾಕಾಗಿತ್ತು. ಆದರೆ ಅವರು ಗಂಭೀರವಾಗಿ ತಲೆದೂಗಿ, "ಬ್ಯಾಸಿಗಿ ಅಲ್ಲೇನ್ರಿ. ಮ್ಯಾಲೆ ಏನರ ಬದಲಿ ಮಾಡಿರಬೇಕು" ಎಂದುಬಿಟ್ಟರು.

ಮಧ್ಯಾಹ್ನದೊಳಗೆ ಓಣಿಯೆಲ್ಲ ದುರ್ಗದಬೈಲಿನಲ್ಲಿತ್ತು. ಬ್ಯಾರಲ್ಲು ಬೇಕು. ನೀಲಕಂಠಪ್ಪನವರ ಅಂಗಡಿಯಲ್ಲಿದ್ದ ನೀಲಿ ಬ್ಯಾರಲ್ಲುಗಳು ಸಂಜೆಗೆ ಮುಗಿದವು, ಶನಿವಾರ ಮತ್ತೊಂದು ಟೆಂಪೋ ತರಿಸಿದರು, ಅದೂ ಮುಗಿಯಿತು. ನಾನು ಎರಡು ತಂದೆ. ಮನೆಯಲ್ಲಿ ನಾವು ಇರುವುದೂ ಇಬ್ಬರೇ.

ಭಾನುವಾರ ಪುಟ 27/06 ಎಂದಿತು.

ಅಂದು ದುರಗಪ್ಪ ಸೈಕಲ್ಲಿನ ಮೇಲೆ ಬಂದವನು ಗೌರಕ್ಕನ ಕೈಗೆ ಸಿಕ್ಕ. ಹ್ಯಾಂಡಲ್ ಹಿಡಿದು ನಿಲ್ಲಿಸಿದಳು.

"ಮುಂದಿನ ನೀರು ಯಾವಾಗೋ?"

"ಎರಡನೇ ತಾರೀಖಿಗೆ ಬರತೈತ್ರಿ. ಮುಂಜಾನೆ ಐದಕ್ಕ."

"ಜೂನ್ ಇಪ್ಪತ್ತೇಳು ಅಂತ ಹೇಳಾಕತ್ತೈತಿ ಫೋನು!"

ದುರಗಪ್ಪ ಫೋನನ್ನೂ ಗೌರಕ್ಕನನ್ನೂ ನೋಡಿ, "ವಾಲ್ವ್ ತಿರುವಾಂವ ನಾನ್ರಿ, ಫೋನಲ್ಲ" ಎಂದ. ಮೂವತ್ತು ವರ್ಷ ಅದೇ ಕೆಲಸ ಮಾಡಿದವನು. ಅವನ ದನಿಯಲ್ಲಿ ಸೊಕ್ಕಿರಲಿಲ್ಲ. ಆದರೆ ಹೆದರಿದ ಓಣಿಗೆ ಅದು ಸೊಕ್ಕಾಗಿಯೇ ಕೇಳಿಸಿತು. ಒಬ್ಬ, "ಮ್ಯಾಲಿಂದ ನೀರ ಬಂದ್ ಮಾಡ್ಯಾರ, ಇಂವ ಮುಚ್ಚಿಡಾಕತ್ತಾನ" ಎಂದ. ಇನ್ನೊಬ್ಬ, "ಮ್ಯಾಲಿಂದ ಬಂದ್ ಆಗಿಲ್ಲ, ಇವನ ನಮ್ಮ ನೀರ ಯಾವದರ ಹೋಟೆಲಿಗೆ ತಿರುವ್ಯಾನ" ಎಂದ. ಎರಡೂ ಒಟ್ಟಿಗೆ ನಿಜವಾಗಲು ಸಾಧ್ಯವಿರಲಿಲ್ಲ. ಓಣಿ ಎರಡನ್ನೂ ನಂಬಿತು.

ಪಕ್ಕದ ಮನೆಯ ಮೀರಾಬಿ ಟೀಚರರ ಅಕ್ಷರ ಚೆನ್ನ. ನೀರು ಬೇಕು, ದುರಗಪ್ಪನ ಮೇಲೆ ಕ್ರಮವೂ ಬೇಕು ಎಂಬ ಅರ್ಜಿ ಬರೆದುಕೊಟ್ಟವರು ಅವರೇ. ನನ್ನದೂ ಸೇರಿ ನಲವತ್ಮೂರು ಸಹಿ ಬಿದ್ದವು. ನೀಲಕಂಠಪ್ಪನವರ ಸಹಿಯೂ ಬಿತ್ತು. ಪೆನ್ನು ಹಿಡಿದಾಗ ಅವರ ಕೈ ಒಂದು ಕ್ಷಣ ಗಾಳಿಯಲ್ಲೇ ನಿಂತದ್ದನ್ನು ನಾನು ನೋಡಿದೆ. ಆದರೆ ಹಿಂದೆ ಸಾಲಿತ್ತು.

ಸೋಮವಾರ ನಾವೆಲ್ಲ ನೀರಿನ ಕಚೇರಿಗೆ ಹೋದೆವು. ಆ ದಿನ ಪುಟದಲ್ಲಿ ಜುಲೈ ಇಪ್ಪತ್ತೊಂಬತ್ತು ಎಂದಿತ್ತು. ಅಲ್ಲಿನ ಇಂಜಿನಿಯರು ಪ್ರತಾಪ ಸಾಹೇಬರು ಅರ್ಜಿಯನ್ನು ಅರ್ಧ ಓದಿ ನಗತೊಡಗಿದ್ದರು. ಫೋನು ತೋರಿಸಿದಾಗ ನಗೆ ನಿಂತಿತು.

"ಇದು ಎಲ್ಲಿಂದ ಬಂತ್ರಿ?"

"ಮ್ಯಾಲಿಂದ" ಎಂದಿತು ಓಣಿ, ಒಂದೇ ದನಿಯಲ್ಲಿ.

ಮೇಲಿನಿಂದ ಎಂಬ ಮಾತು ಕಚೇರಿಯಲ್ಲಿ ಬೇರೆಯೇ ಕೆಲಸ ಮಾಡುತ್ತದೆ. ತಮಗೆ ತಿಳಿಸದೆ ಮೇಲಿನವರು ಏನೋ ಆದೇಶ ಹೊರಡಿಸಿದ್ದಾರೆ ಎಂದುಕೊಂಡರು ಸಾಹೇಬರು. ನಮ್ಮೆದುರೇ ಧಾರವಾಡದ ಮೇಲಧಿಕಾರಿಗೆ ಫೋನು ಹಚ್ಚಿದರು. "ಸರ್, ಕಮರಿಪೇಟಿಗೆ ಜುಲೈ ತನಕ ನೀರಿಲ್ಲ ಅಂತ ಆದೇಶ ಆಗೇತೇನ್ರಿ?" ಆ ಕಡೆಯವರಿಗೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲ ಎನ್ನುವುದು ಅವರ ಹುದ್ದೆಗೆ ತಕ್ಕದ್ದಲ್ಲ. "ಆದೇಶದ ವಿಷಯ ಆಮ್ಯಾಲೆ. ಮಂದಿಗೆ ಸುದ್ದಿ ಸೋರಿದ್ದು ಹ್ಯಾಂಗ? ಅದನ್ನ ಮೊದಲ ಪತ್ತೆ ಹಚ್ಚ್ರಿ!"

ಸೋರುವುದು ಎಂದಕೂಡಲೇ ಎಲ್ಲರ ಕಣ್ಣೂ ವಾಲ್ವಿನವನ ಮೇಲೆ ಹೋಯಿತು. ಹೀಗೆ ದುರಗಪ್ಪ ಎರಡು ಅಪರಾಧ ಹೊತ್ತ. ಓಣಿಯ ಲೆಕ್ಕದಲ್ಲಿ ಸತ್ಯ ಮುಚ್ಚಿಟ್ಟವನು, ಕಚೇರಿಯ ಲೆಕ್ಕದಲ್ಲಿ ಬಿಚ್ಚಿಟ್ಟವನು.

ಮೂವತ್ತನೇ ತಾರೀಖು, ಬುಧವಾರ. ಪುಟ ಆಗಸ್ಟ್ ಮೂವತ್ತಕ್ಕೆ ಹೋಗಿತ್ತು. ಮಧ್ಯಾಹ್ನ ಮೀರಾಬಿ ಟೀಚರು ಒಂದು ಕಾಗದ ಹಿಡಿದು ನೀಲಕಂಠಪ್ಪನವರ ಮನೆಗೆ ಬಂದರು. ನಾಗರತ್ನಾ ಕರೆದರೆಂದು ನಾನೂ ಹೋದೆ.

"ನೀಲಕಂಠಪ್ಪನವರ, ನಾ ದಿನಾ ಬರದಿಟ್ಟೇನಿ, ನೋಡ್ರಿ. ಇಪ್ಪತ್ತೈದಕ್ಕ ನೋಡಿದ್ರ ಇಪ್ಪತ್ತಾರು ಅಂತು. ಇಪ್ಪತ್ತೇಳಕ್ಕ ನೋಡಿದ್ರ ಇಪ್ಪತ್ತೇಳು. ಇಪ್ಪತ್ತೆಂಟಕ್ಕ ಇಪ್ಪತ್ತೊಂಬತ್ತು. ಇವತ್ತ ಮೂವತ್ತು, ಅದೂ ಮೂವತ್ತು ಅನ್ನತೈತಿ. ತಿಂಗಳು ಮಾತ್ರ ಓಡಾಕತ್ತೈತಿ. ಇದು ತಿಂಗಳ ನೋಡತೈತೋ ಇಲ್ಲೋ?"

"ನೋಡತೈತ್ರಿ. ಕಂಪ್ಯೂಟರ್ ಅಂದ್ರ ಎಲ್ಲಾ ನೋಡತೈತಿ."

"ಯಾವದು ದೊಡ್ಡದು ಅಂತ ಹ್ಯಾಂಗ ತಿಳೀತೈತಿ ಅದಕ್ಕ?"

ನೀಲಕಂಠಪ್ಪನವರು ಕ್ಲಾಸಿನ ನೋಟುಬುಕ್ಕು ತೆಗೆದರು. ಬೆರಳಿಟ್ಟು ಓದಿದರು. "ತಾರೀಖನ್ನ ಬರದ ಹಾಂಗ, ಅಕ್ಷರ ಅಂತ ಕೊಟ್ರ, ಎಡಗಡೆಯಿಂದ ಒಂದೊಂದ ಅಕ್ಷರ ಹೋಲಿಸಿಕೋತ ಹೋಗತೈತಿ. ಎಲ್ಲಿ ಬ್ಯಾರೆ ಆಗತೈತಿ ಅಲ್ಲೇ ತೀರ್ಮಾನ..." ಓದುತ್ತ ಓದುತ್ತ ಅವರ ದನಿ ಸಣ್ಣದಾಯಿತು.

"ನನ್ನ ಹಾಜರಿ ಪುಸ್ತಕದಾಗ ಅಕ್ಷರದ ಪ್ರಕಾರ ಹೆಸರು ಹಚ್ಚಿದಂಗ" ಎಂದರು ಟೀಚರು. "ಹಾಂಗಾದ್ರ ಮೇ ಎರಡು ಅಂದ್ರ ಸೊನ್ನಿಯಿಂದ ಸುರು. ಇವತ್ತಿಂದು ಮೂರರಿಂದ ಸುರು. ಸೊನ್ನಿ ಸಣ್ಣದು. ಅಲ್ಲಿಗೇ ತೀರ್ಮಾನ ಮುಗೀತು, ತಿಂಗಳತನಕ ಹೋಗೂದ ಇಲ್ಲ. ಮೇ ಎರಡು ಆಗಿಹೋಗೇತಿ ಅಂತ ತಿಳಕೊಂಡು ಬಿಡತೈತಿ."

"ಏಪ್ರಿಲ್‌ದಾಗ ಸರಿ ಇತ್ತಲ್ರಿ?" ಎಂದೆ ನಾನು.

"ಎಲ್ಲಾ ಒಂದ ತಿಂಗಳಾಗಿದ್ವು. ದಿನ ನೋಡಿದ್ರ ಸಾಕಿತ್ತು."

ನೀಲಕಂಠಪ್ಪನವರು ಹಾಳೆ ತಿರುವಿದರು. ತಾರೀಖನ್ನು ತಾರೀಖೆಂದು ಮಾಡಿಕೊಂಡು ಹೋಲಿಸಬೇಕು, ಬರೆದ ಅಕ್ಷರವನ್ನಲ್ಲ ಎಂದು ಮಾಸ್ತರರು ಹೇಳಿದ್ದು ಅದೇ ನೋಟುಬುಕ್ಕಿನ ಮುಂದಿನ ಪುಟದಲ್ಲಿ ಅವರದೇ ಕೈಯಲ್ಲಿ ಬರೆದಿತ್ತು, ಕೆಂಪು ಗೆರೆ ಎಳೆದು. ಆ ದಿನ ಅಂಗಡಿಗೆ ಮಾಲು ಬಂದಿತ್ತೆಂದು ಅವರು ಬೇಗ ಎದ್ದು ಬಂದಿದ್ದರಂತೆ.

ಕೂಡಲೇ ಪ್ರೋಗ್ರಾಮಿನಲ್ಲಿ ತಾರೀಖು ಹೋಲಿಸುವ ಎರಡು ಸಾಲು ತಿದ್ದಿದರು. ಈಗ ಯಂತ್ರ ಅಕ್ಷರ ಬಿಟ್ಟು ದಿನಗಳನ್ನು ಹೋಲಿಸಿತು. 'ಮುಂದಿನ ನೀರು: 02/05' ಎಂದಿತು.

"ಈಗ ಓಣಿಗೆ ಹೇಳ್ರಿ" ಎಂದರು ನಾಗರತ್ನಾ.

ಹೇಳಲು ಅವರು ಬಾಗಿಲಿಗೆ ಬರುವಷ್ಟರಲ್ಲಿ ಓಣಿಯೇ ಬಾಗಿಲಿಗೆ ಬಂದಿತ್ತು. ಪುಟದಲ್ಲಿ ತಾರೀಖು ಬದಲಾದದ್ದನ್ನು ಯಾರೋ ಕಂಡಿದ್ದರು. "ಗೆದ್ವಿ! ಅರ್ಜಿ ಕೊಟ್ಟ ಎರಡ ದಿನದಾಗ ನೀರು ಮೇಕ್ಕ ತಂದ್ವಿ!" ಗೌರಕ್ಕ ನೀಲಕಂಠಪ್ಪನವರ ಕೊರಳಿಗೆ ಹಾರ ಹಾಕಿದಳು, ಕುಬಸಕ್ಕೆಂದು ತಂದಿಟ್ಟ ಹಾರಗಳಲ್ಲಿ ಒಂದು. ಅವರು "ಇಲ್ರಿ, ಕೇಳ್ರಿ, ತಪ್ಪು ನಂದು" ಎಂದು ಮೂರು ಸಲ ಅಂದರು. ಮೂರು ಸಲವೂ ಜೈಕಾರದಲ್ಲಿ ಮುಳುಗಿತು.

ಆಗಲೇ ಯಾರೋ ಹೇಳಿದರು: "ಆ ದುರಗಪ್ಪನ್ನೂ ತಗದ್ರಂತ. ನಾಳಿಂದ ಬರಬ್ಯಾಡ ಅಂತ ಹೇಳ್ಯಾರಂತ. ಸರಿ ಆತು!"

ಜನ ಚಪ್ಪಾಳೆ ತಟ್ಟಿದರು. ನೀಲಕಂಠಪ್ಪನವರು ತಟ್ಟಲಿಲ್ಲ. ಹಾರವನ್ನು ಎರಡೂ ಕೈಗಳಿಂದ ಬಿಗಿಯಾಗಿ ಹಿಡಿದುಕೊಂಡು ನಿಂತಿದ್ದರು.

ಮರುದಿನ ಮೇ ಒಂದು. ಕಾರ್ಮಿಕರ ದಿನ, ಕಚೇರಿಗೆ ರಜೆ. ಪ್ರತಾಪ ಸಾಹೇಬರ ಮನೆ ಅಮರಗೋಳದಲ್ಲಿ, ಮಾರ್ಕೆಟ್ ಯಾರ್ಡಿನ ಆಚೆ. ಬೆಳಿಗ್ಗೆ ಒಂಬತ್ತಕ್ಕೆ ನೀಲಕಂಠಪ್ಪನವರು ನನ್ನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟರು. ದಾರಿಯುದ್ದಕ್ಕೂ ಒಂದೇ ಮಾತು: "ನಾಳೆ ಮುಂಜಾನೆ ಐದಕ್ಕ ವಾಲ್ವ್ ಯಾರ ತಿರುವತಾರ?"

ಸಾಹೇಬರು ವರಾಂಡದಲ್ಲಿ ತಲೆಗೆ ಕಪ್ಪು ಬಣ್ಣ ಮೆತ್ತಿಕೊಂಡು, ಕೊರಳಿಗೆ ಹಳೆಯ ಟವೆಲ್ಲು ಸುತ್ತಿಕೊಂಡು ಕುಳಿತಿದ್ದರು. ಅರ್ಧ ಗಂಟೆ ಅಲುಗಾಡುವಂತಿರಲಿಲ್ಲ. ಅದು ನಮ್ಮ ಪುಣ್ಯ. ಇಲ್ಲದಿದ್ದರೆ ಎದ್ದು ಒಳಗೆ ಹೋಗುತ್ತಿದ್ದರು.

ನೀಲಕಂಠಪ್ಪನವರು ನಿಂತೇ ಎಲ್ಲ ಹೇಳಿದರು. ಅಕ್ಷರ, ಎಡಗಡೆ, ಸೊನ್ನೆ, ಮೂರು. ಸಾಹೇಬರು ಒಂದೊಂದೇ ಕೇಳತೊಡಗಿದರು.

"ಅಂದ್ರ ಆದೇಶ ಇಲ್ಲ?"

"ಇಲ್ರಿ."

"ಸೋರಿಕಿ?"

"ಇಲ್ರಿ."

"ನೀವು ಯಾರ್ರಿ ಹಂಗಾರ?"

"ಪಾತ್ರಿ ವ್ಯಾಪಾರಿ ರೀ."

ಸಾಹೇಬರ ಕಿವಿಯ ಪಕ್ಕದಿಂದ ಒಂದು ಕಪ್ಪು ಹನಿ ಇಳಿಯಿತು. "ನಾನು ಧಾರವಾಡಕ್ಕ ವರದಿ ಕಳಿಸೇನ್ರಿ! ಮಾಹಿತಿ ಸೋರಿಕಿ ಅಂತ ನಾಕ ಪುಟ ಬರದೇನಿ! ಈಗ ಪಾತ್ರಿ ಅಂಗಡಿಯವರು ತಾರೀಖು ತಪ್ಪು ಓದಿದ್ರು ಅಂತ ಬರೀಲಿ? ಆಗೂದಿಲ್ಲ. ದುರಗಪ್ಪನ ವಿಚಾರಣಿ ನಡೀಲಿ, ಎರಡ ಮೂರ ತಿಂಗಳದಾಗ ಮುಗೀತೈತಿ. ವಾಲ್ವಿಗೆ ಬ್ಯಾರೆ ಮನಿಷ್ಯಾನ ಕಳಸ್ತೇನಿ."

ಆ ಬೇರೆ ಮನುಷ್ಯ ಶಿದ್ದಪ್ಪ. ಸಾಹೇಬರು ನಮ್ಮೆದುರೇ ಅವನಿಗೆ ಫೋನು ಮಾಡಿದರು. ಬಣ್ಣ ತಾಗದಿರಲೆಂದು ಫೋನನ್ನು ದೂರ ಹಿಡಿದು ಸ್ಪೀಕರಿಗೆ ಹಾಕಿದ್ದರಿಂದ ನಮಗೂ ಕೇಳಿಸಿತು.

"ಕಮರಿಪೇಟಿ ವಾಲ್ವೇನ್ರಿ ಸಾಹೇಬರ? ಬ್ಯಾಡ್ರಿ. ಅದು ಅಜ್ಜಾರ ಕಾಲದ್ದು, ದುರಗಪ್ಪನ ಕೈಗಷ್ಟ ಬಗ್ಗತೈತಿ. ಹೋದ ವರ್ಷ ನಾ ತಿರುವಿದ್ದೆ, ನೀರು ಓಣಿಗೆ ಹೋಗ್ಲಿಲ್ಲ, ಅರಬಿ ಅಂಗಡಿಯೊಳಗ ಹೊಕ್ಕು ಸೀರಿ ಎಲ್ಲಾ ತೋಯಿಸ್ತು. ನನಗ ನಾಳೆ ಜ್ವರ ಐತ್ರಿ."

ಫೋನು ಕಟ್ಟಾಯಿತು. ಸಾಹೇಬರು ಗೋಡೆ ನೋಡಿದರು. ಆಗ ನೀಲಕಂಠಪ್ಪನವರು ಕೈಮುಗಿದು ಒಂದು ಮಾತು ಹೇಳಿದರು. ಇಡೀ ಪ್ರಕರಣದಲ್ಲಿ ಅವರ ತಲೆ ಸರಿಯಾಗಿ ಓಡಿದ್ದು ಅದೊಂದೇ ಸಲ.

"ಸಾಹೇಬರ, ನಾಳೆ ನೀರು ಬರಲಿಲ್ಲ ಅಂದ್ರ ನನ್ನ ಸುಳ್ಳು ಪುಟ ಖರೇ ಆಗತೈತ್ರಿ. ಮಂದಿ ಕೇಳತಾರ, ಆಗಸ್ಟ್ ಅಂತ ಪಾತ್ರಿ ವ್ಯಾಪಾರಿಗೆ ಗೊತ್ತಿತ್ತು, ಇಂಜಿನಿಯರಿಗೆ ಗೊತ್ತಿರಲಿಲ್ಲ ಹ್ಯಾಂಗ ಅಂತ."

ಮತ್ತೊಂದು ಹನಿ ಇಳಿದು ಟವೆಲ್ಲಿನ ಮೇಲೆ ಬಿತ್ತು.

"ಬರದ ಕೊಡ್ರಿ" ಎಂದರು ಸಾಹೇಬರು.

ನೀಲಕಂಠಪ್ಪನವರು ಬರೆದರು: 'ತಾರೀಖುಗಳನ್ನು ತಾರೀಖುಗಳೆಂದು ತಿಳಿಯದೆ ಅಕ್ಷರಗಳೆಂದು ತಿಳಿದು ಹೋಲಿಸಿದ ಕಾರಣ ನನ್ನ ಪುಟವು ನೀರಿನ ವಿಷಯದಲ್ಲಿ ಸುಳ್ಳು ಹೇಳಿತು. ಮೇಲಿನಿಂದ ಯಾವ ಕನೆಕ್ಷನ್ನೂ ಇಲ್ಲ. ದುರಗಪ್ಪನವರು ಹೇಳಿದ್ದು ನಿಜ.' ಸಹಿ ಹಾಕಿದರು. ಕೆಳಗೆ ದಿನಾಂಕ ಬರೆಯುವಾಗ ಪೆನ್ನು ಎತ್ತಿ, ಸಾಹೇಬರನ್ನು ನೋಡಿ, ಕೊನೆಗೆ 'ಮೇ ತಿಂಗಳು ಒಂದನೇ ತಾರೀಖು, ಗುರುವಾರ' ಎಂದು ಪೂರ್ತಿ ಅಕ್ಷರದಲ್ಲೇ ಬರೆದರು. ಸಾಹೇಬರು ಅದರ ಅಂಚಿನಲ್ಲಿ 'ದುರಗಪ್ಪ ಕೆಲಸಕ್ಕೆ ಹಾಜರಾಗಲಿ' ಎಂದು ಗೀಚಿದರು.

ದುರಗಪ್ಪನ ಮನೆ ಹಳೇ ಹುಬ್ಬಳ್ಳಿಯಲ್ಲಿ. ಬಾಗಿಲಲ್ಲಿ ಅವನ ಹೆಂಡತಿ ಹುಲಿಗೆವ್ವ ಅಡ್ಡ ನಿಂತಳು. ಯಾರೆಂದು ಕೇಳಿದಳು. ನೀಲಕಂಠಪ್ಪನವರು ಹೇಳಿದರು.

"ಓ, ಫೋನಿನ ಸಾಹುಕಾರ್ರು ನೀವೇನ? ನಿನ್ನಿ ರಾತ್ರಿಯಿಂದ ಊಟ ಮಾಡಿಲ್ಲ ಅಂವ. ಮೂವತ್ತು ವರ್ಷ ನಿಮ್ಮ ಓಣ್ಯಾಗ ಸೈಕಲ್ ತುಳದಾನ. ನನ್ನ ಹೆರಿಗಿ ದಿನಾನೂ ನೀರ ಬಿಟ್ಟ ಬಂದ ಮ್ಯಾಲ ದವಾಖಾನಿಗೆ ಬಂದಾನ. ಕಳ್ಳ ಅಂದ್ರಲ್ಲ, ನಿಮಗ ಹ್ಯಾಂಗರ ಬಾಯಿ ಬಂತು?"

ನೀಲಕಂಠಪ್ಪನವರು ಸಾಹೇಬರು ಗೀಚಿದ ಕಾಗದವನ್ನು ಮುಂದೆ ಹಿಡಿದರು. ಬಿಸಿಲಿನಲ್ಲಿ ಅಂಗಳದಲ್ಲೇ ನಿಂತರು. ಐದು ನಿಮಿಷ ನಿಂತರು. ಒಳಗಿನಿಂದ ದುರಗಪ್ಪ ಬಂದ, ಕಾಗದ ಓದಿದ, ಮಡಿಚಿ ಹುಲಿಗೆವ್ವನ ಕೈಗೆ ಕೊಟ್ಟ.

"ಬರತೇನ್ರಿ. ಗೌರಕ್ಕನ ಮಗಳು ಬಸುರಿ ಅದಾಳ, ಅಕಿ ಸಲುವಾಗಿ ಬರತೇನಿ. ಆದ್ರ ನೀವು ಇಲ್ಲಿ ನನ್ನ ಅಂಗಳದಾಗ ತಪ್ಪಾತು ಅಂದ್ರ ಯಾರಿಗೂ ಕೇಳಂಗಿಲ್ಲ. ಸಹಿ ಮಾಡಿದ ಮಂದಿ ಎದುರು ಅನ್ನಬೇಕು. ನಾ ವಾಲ್ವ್ ಮುಟ್ಟೂದಕಿಂತ ಮೊದಲ."

ಎರಡನೇ ತಾರೀಖು, ಮುಂಜಾನೆ ಐದು. ಓಣಿಯ ಎರಡೂ ಬದಿಗೆ ನೀಲಿ ಬ್ಯಾರಲ್ಲುಗಳು ಸಾಲಾಗಿ ನಿಂತಿದ್ದವು, ಪ್ರತಿ ಮನೆಯೆದುರೂ ಎರಡು, ಮೂರು, ನಾಲ್ಕು. ದುರಗಪ್ಪ ವಾಲ್ವಿನ ಕಬ್ಬಿಣದ ಮುಚ್ಚಳ ತೆಗೆದು, ಅದನ್ನು ತಿರುವುವ ಪಾನಾ ಕೈಯಲ್ಲಿ ಹಿಡಿದು, ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ತಿರುವಲಿಲ್ಲ. ಅವನನ್ನು ಕಂಡು ಗುಜುಗುಜು ಶುರುವಾಯಿತು.

"ಇವನ್ನ ತಗದಿದ್ರಲ್ಲ?"

"ತಿರುವೋ ಮಾರಾಯಾ, ಯಾಕ ಕುಂತಿ?"

ನೀಲಕಂಠಪ್ಪನವರು ಓಣಿಯ ನಡುವೆ ಬಂದು ನಿಂತರು. ಆಮೇಲೆ ಹೇಳಿದರು, ಒಂದನ್ನೂ ಬಿಡದೆ. ಕನೆಕ್ಷನ್ ಇಲ್ಲ ಎಂದರು. ತಾರೀಖನ್ನು ಅಕ್ಷರವೆಂದು ಓದಿಸಿದ್ದು ತಾವು ಎಂದರು. ಗೊತ್ತಿಲ್ಲ ಎನ್ನಲು ನಾಚಿಕೆಯಾಗಿ ಮ್ಯಾಲಿಂದ ಎಂದದ್ದೂ ತಾವೇ ಎಂದರು. "ದುರಗಪ್ಪ ಎರಡನೇ ತಾರೀಖು ಅಂದಿದ್ದ. ಇವತ್ತ ಎರಡನೇ ತಾರೀಖು. ತಪ್ಪು ಅವಂದಲ್ಲ, ನಂದು."

ನಂತರ ಎಲ್ಲರ ಕಣ್ಣೂ ನಿಧಾನಕ್ಕೆ ನೀಲಿ ಬ್ಯಾರಲ್ಲುಗಳ ಕಡೆ ತಿರುಗಿದವು.

"ಬ್ಯಾರಲ್ ಮಾರಾಕ ಮಾಡ್ಯಾನ!" ಎಂದಿತು ಒಂದು ದನಿ. "ಪೂರಾ ಪ್ಲ್ಯಾನು!" ಎಂದಿತು ಇನ್ನೊಂದು. ನಾಲ್ಕು ಜನ ಮುಂದೆ ಬಂದರು. ನೀಲಕಂಠಪ್ಪನವರು ಹಿಂದೆ ಸರಿಯಲಿಲ್ಲ. ನಾಗರತ್ನಾ ಬಾಗಿಲಿನಿಂದ ಓಡಿಬಂದು ಗಂಡನ ಪಕ್ಕ ನಿಂತರು.

ದುರಗಪ್ಪ ಎದ್ದ. "ಇಷ್ಟ ಶಾಣ್ಯಾ ಇದ್ದಿದ್ರ ಅವರು ತಾವ ಬಂದು ಹೇಳತಿದ್ದಿಲ್ಲ. ಸರೀರಿ, ನೀರ ಬಂತು" ಎಂದು ಪಾನಾ ಹಾಕಿ ತಿರುವಿದ.

ನೆಲದೊಳಗೆ ಗುಳುಗುಳು ಎಂದಿತು, ನಳಗಳು ಕೆಮ್ಮಿದವು, ಓಣಿಗೆ ಸಿಟ್ಟು ಮಾಡಲು ಸಮಯವಿಲ್ಲದಂತಾಯಿತು. ಮುಂದೆ ಬಂದ ನಾಲ್ವರೂ ತಮ್ಮ ತಮ್ಮ ಪೈಪಿನ ಕಡೆ ಓಡಿದರು. ನಾನೂ ಓಡಿದೆ.

ಒಂದೂವರೆ ಗಂಟೆ ನೀರು ಬಂತು. ಅಷ್ಟೊಂದು ಬ್ಯಾರಲ್ಲುಗಳನ್ನು ತುಂಬುವ ಅಭ್ಯಾಸ ಆ ಪೈಪಿಗಿರಲಿಲ್ಲ. ಮುಂದಿನ ಮನೆಗಳು ಎಳೆದದ್ದೇ ಎಳೆದದ್ದು. ನೀರು ನಿಂತಾಗ ನೀಲಕಂಠಪ್ಪನವರ ಮನೆಯ ನಳದಿಂದ ಒಂದು ತಂಬಿಗೆಯೂ ಬಿದ್ದಿರಲಿಲ್ಲ. ಅವರ ಮನೆಯಲ್ಲಿ ಬ್ಯಾರಲ್ಲೂ ಇರಲಿಲ್ಲ, ಎಲ್ಲ ಮಾರಿಹೋಗಿತ್ತು.

ಎಂಟು ಗಂಟೆಗೆ ಅವರು ಒಂದು ಕೊಡ ಹಿಡಿದು, ಯಾರನ್ನೂ ನೋಡದೆ ಓಣಿ ದಾಟಿ ಗೌರಕ್ಕನ ಬಾಗಿಲಿಗೆ ಹೋಗಿ ನಿಂತರು. ಒಳಗೆ ನಾಳಿನ ಕುಬಸಕ್ಕೆ ಆಗಲೇ ಹೆಂಗಸರು ಕಾಯಿಪಲ್ಲೆ ಹೆಚ್ಚುತ್ತಿದ್ದರು. ಗೌರಕ್ಕ ಸೊಂಟದ ಮೇಲೆ ಕೈಯಿಟ್ಟು ಹೊರಗೆ ಬಂದಳು. ಕೊಡ ನೋಡಿದಳು, ಅವರ ಮುಖ ನೋಡಿದಳು.

"ಯಾವ ತಿಂಗಳ ನೀರು ಕೊಡ್ಲಿಪಾ? ಮೇದೋ, ಜುಲೈದೋ, ಆಗಸ್ಟಿಂದೋ?"

"ಇವತ್ತಿಂದು ಕೊಡವ್ವಾ" ಎಂದರು ನೀಲಕಂಠಪ್ಪನವರು.

ಗೌರಕ್ಕ ಕೊಡ ಇಸಿದುಕೊಂಡು, ತುಂಬಲು ಒಳಗೆ ಹೋದಳು.